ಪೂರ್ತಿ ಸುತ್ತದ ಮೋಟಾರು, ಓಡಾಡುವ ಬೆಳಕು: ಗ್ಯಾಲ್ವೊ ಸ್ಕ್ಯಾನರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಲೇಸರ್ ಮಾರ್ಕಿಂಗ್ ಮಿಷನ್ ಈಗ ಹೊಸದೇನಲ್ಲ. ಹೆಬ್ಬಾಳ, ಹೂಟಗಳ್ಳಿ ಕಡೆಯ ಶೆಡ್‌ಗಳಲ್ಲಿ ಬಿಡಿಭಾಗಗಳಿಗೆ ನಂಬರ್ ಹಾಕುವುದರಿಂದ ಹಿಡಿದು ಸ್ಟೀಲ್ ಪಾತ್ರೆಗೆ ಹೆಸರು ಕೊರೆಯುವ ತನಕ ಅದರದೇ ಕೆಲಸ. ಕೊಳ್ಳುವವರು ಲೇಸರ್ ಎಷ್ಟು ವ್ಯಾಟ್ ಎಂದು ಮೊದಲು ಕೇಳುತ್ತಾರೆ. ಕನ್ನಡಿ ತಿರುಗಿಸಿ ಆ ಬೆಳಕನ್ನು ಅತ್ತಿತ್ತ ಓಡಿಸುವ ಎರಡು ಪುಟ್ಟ ಮೋಟಾರುಗಳ, ಅಂದರೆ ಗ್ಯಾಲ್ವೊಗಳ, ಬಗ್ಗೆ ಕೇಳುವವರು ಕಡಿಮೆ. ಇಡೀ ಮಿಷನ್ನಿನಲ್ಲಿ ಜಾಸ್ತಿ ಬುದ್ಧಿ ಖರ್ಚಾಗಿರುವುದು ಅಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಿಷನ್ ನಡೆಸುವವರು, ರಿಪೇರಿ ಮಾಡುವವರು, ಪ್ರಾಜೆಕ್ಟ್ ಹುಡುಕುವ ಎಂಜಿನಿಯರಿಂಗ್ ಹುಡುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪೂರ್ತಿ ಸುತ್ತದ ಮೋಟಾರು ಅಂದರೆ ಯಾವುದು? ಎಲ್ಲಿ ನೋಡಬಹುದು?

ಫ್ಯಾನು, ಪಂಪು, ಗಿರಣಿ ಮೋಟಾರುಗಳು ಸುತ್ತುತ್ತಲೇ ಇರುತ್ತವೆ. ಇದು ಹಾಗಲ್ಲ. ನಡುವಿನ ಜಾಗದಿಂದ ಎಡಕ್ಕೆ ಹತ್ತಿಪ್ಪತ್ತು ಡಿಗ್ರಿ, ಬಲಕ್ಕೆ ಅಷ್ಟೇ. ಅಷ್ಟರೊಳಗೆ ಹೇಳಿದ ಕೋನಕ್ಕೆ ಹೋಗಿ ಗಕ್ಕನೆ ನಿಲ್ಲಬೇಕು. ಮುಂದಿನ ಕ್ಷಣ ಇನ್ನೊಂದು ಕೋನಕ್ಕೆ ಹಾರಬೇಕು.

ಪಿಯುಸಿ ಲ್ಯಾಬಿನಲ್ಲಿ ನೋಡಿದ ಗ್ಯಾಲ್ವನೋಮೀಟರ್ ಇದೇ ವಂಶದ್ದು. ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ನೋಡಿ. ತಟ್ಟೆಯ ಮೇಲೆ ಓಡಾಡುವ ತೋಳಿನ ಹಿಂದೆ ಒಂದು ಚಪ್ಪಟೆ ಕಾಯಿಲ್, ಅದರ ಮೇಲೆ ಕೆಳಗೆ ಜೋರಾದ ಆಯಸ್ಕಾಂತ ಇರುತ್ತವೆ. ಅದೂ ಸೀಮಿತ ಕೋನದ ಮೋಟಾರೇ. ಮಾರ್ಕಿಂಗ್ ಮಿಷನ್ನಿನ ತಲೆಯೊಳಗೆ ಇಂಥವು ಎರಡು ಇರುತ್ತವೆ, ಎರಡರ ತುದಿಗೂ ಒಂದೊಂದು ಕನ್ನಡಿ. ಒಂದು ಬೆಳಕನ್ನು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಓಡಿಸುತ್ತದೆ. ಎಲ್ಲರೂ ಇವನ್ನು ಗ್ಯಾಲ್ವೊ ಅಂತಲೇ ಕರೆಯುವುದು.

ಅಷ್ಟಕ್ಕೆ ಸ್ಟೆಪ್ಪರ್ ಮೋಟಾರೇ ಸಾಕಲ್ವಾ? ಅಗ್ಗವೂ ಹೌದು.

ಒಂದು ಲೆಕ್ಕ ಹಾಕೋಣ. ಮಾಮೂಲಿ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಅಂದರೆ ಒಂದು ಹೆಜ್ಜೆಗೆ 1.8 ಡಿಗ್ರಿ. ಕನ್ನಡಿ ಎಷ್ಟು ತಿರುಗುತ್ತದೋ ಅದರ ಎರಡು ಪಟ್ಟು ಬೆಳಕು ತಿರುಗುತ್ತದೆ, ಅಂದರೆ 3.6 ಡಿಗ್ರಿ. ಲೆನ್ಸಿನ ಫೋಕಲ್ ದೂರ 160 ಮಿಲಿಮೀಟರ್ ಇದ್ದರೆ ಒಂದೇ ಹೆಜ್ಜೆಗೆ ಬೆಳಕಿನ ಚುಕ್ಕೆ 10 ಮಿಲಿಮೀಟರ್ ಜಿಗಿಯುತ್ತದೆ. ಇದರಲ್ಲಿ ಅಕ್ಷರ ಬರೆಯುವುದು ಹೇಗೆ? ಹೆಜ್ಜೆಯನ್ನು ಚೂರು ಚೂರು ಮಾಡುವ ಡ್ರೈವರ್ ಸರ್ಕ್ಯೂಟ್ ಹಾಕಿದರೂ, ಒಳಗಿನ ಕಬ್ಬಿಣದ ಹಲ್ಲುಗಳು ರೋಟರನ್ನು (ತಿರುಗುವ ಭಾಗವನ್ನು) ತಮ್ಮ ಕಡೆಗೆ ಎಳೆಯುವುದನ್ನು ಬಿಡುವುದಿಲ್ಲ.

ಪೂರ್ತಿ ಸುತ್ತುವ ಆಸೆ ಬಿಟ್ಟರೆ ಎಷ್ಟೊಂದು ತೊಂದರೆ ಒಟ್ಟಿಗೆ ತಪ್ಪುತ್ತದೆ ನೋಡಿ. ಸುತ್ತುವಾಗ ಕರೆಂಟಿನ ದಿಕ್ಕು ಬದಲಿಸುವ ಬ್ರಷ್ ಬೇಡ, ಕಮ್ಯುಟೇಟರ್ ಬೇಡ. ಹಲ್ಲು ಬೇಡ, ಹಾಗಾಗಿ ಆ ಎಳೆತವೂ ಇಲ್ಲ. ಕರೆಂಟು ಎಷ್ಟೋ ತಿರುಗುಬಲ ಅಷ್ಟು. ಕೋನ ಹೆಚ್ಚಾದ ಹಾಗೆ ಬಲ ಸ್ವಲ್ಪ ತಗ್ಗುತ್ತದೆ. ಆದರೆ 20 ಡಿಗ್ರಿ ತಿರುಗಿದಾಗಲೂ ಸುಮಾರು ನೂರಕ್ಕೆ 94ರಷ್ಟು ಉಳಿದಿರುತ್ತದೆ. ಅದಕ್ಕಿಂತ ಮುಂದೆ ಹೋಗುವ ಕೆಲಸವೇ ನಮಗಿಲ್ಲ. ಈ ಕ್ಷೇತ್ರದ ಒಳ್ಳೆಯ ಆವಿಷ್ಕಾರಗಳೆಲ್ಲ ಈ ಲಾಭವನ್ನು ಇನ್ನಷ್ಟು ಹಿಂಡಿ ತೆಗೆದವುಗಳೇ.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರ ಹೆಸರು ಹೇಳಿ ಮುಗಿಸುವ ಹಾಗಿಲ್ಲ. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದರು. ಬೇರು ಅಲ್ಲಿದೆ.

ಬೆಳಕು ಈ ಕಥೆಗೆ ಬಂದದ್ದು ಸಮುದ್ರದಡಿಯ ಟೆಲಿಗ್ರಾಫ್ ತಂತಿಯ ಕಾಲಕ್ಕೆ. ಅಟ್ಲಾಂಟಿಕ್ ದಾಟಿ ಬರುವಷ್ಟರಲ್ಲಿ ಸಿಗ್ನಲ್ ತೀರಾ ಬಡವಾಗಿರುತ್ತಿತ್ತು. 1858ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಪುಟ್ಟ ಕನ್ನಡಿಯ ಬೆನ್ನಿಗೆ ಚಿಕ್ಕ ಚಿಕ್ಕ ಆಯಸ್ಕಾಂತ ಅಂಟಿಸಿ ಕಾಯಿಲ್ ನಡುವೆ ತೂಗುಹಾಕಿದರು. ಕನ್ನಡಿ ಕಣ್ಣಿಗೆ ಕಾಣದಷ್ಟು ತಿರುಗಿದರೂ ದೂರದ ಅಳತೆಪಟ್ಟಿಯ ಮೇಲೆ ಬೆಳಕಿನ ಚುಕ್ಕೆ ಚೆನ್ನಾಗಿ ಸರಿಯುತ್ತಿತ್ತು. ಇದರಲ್ಲಿ ತಿರುಗುತ್ತಿದ್ದದ್ದು ಆಯಸ್ಕಾಂತ, ನಿಂತಿದ್ದದ್ದು ಕಾಯಿಲ್.

1882ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ಮತ್ತು ದೆಪ್ರೆ ಇದನ್ನು ತಿರುವುಮುರುವು ಮಾಡಿದರು. ಆಯಸ್ಕಾಂತ ನಿಂತಿತು, ಕಾಯಿಲ್ ತಿರುಗಿತು. ನಮ್ಮ ಲ್ಯಾಬಿನ ಮೀಟರುಗಳು ಈ ದಾರಿಯವು. 1893ರಲ್ಲಿ ಬ್ಲಾಂಡೆಲ್ ಸೂಚಿಸಿದ, 1897ರಲ್ಲಿ ಡಡೆಲ್ ಮಾಡಿ ತೋರಿಸಿದ ಆಸಿಲೋಗ್ರಾಫ್ ಇನ್ನೂ ಸೊಗಸು. ಆಯಸ್ಕಾಂತದ ನಡುವೆ ಎರಡು ತೆಳು ತಂತಿ, ಅವುಗಳ ಮೇಲೆ ಒಂದು ಚಿಟಿಕೆ ಕನ್ನಡಿ. ಎಸಿ ಕರೆಂಟಿನ ಅಲೆಯನ್ನು ಬೆಳಕು ಚಿತ್ರ ಬರೆದಂತೆ ತೋರಿಸುತ್ತಿತ್ತು. ಅಳೆಯುವ ಉಪಕರಣವೊಂದು ಬರೆಯುವ ಉಪಕರಣವಾದದ್ದು ಹೀಗೆ.

1960ರಲ್ಲಿ ಥಿಯೊಡೋರ್ ಮೈಮನ್ ಲೇಸರ್ ಬೆಳಗಿಸಿದ ಮೇಲೆ ಎಲ್ಲರಿಗೂ ವೇಗದ ಕನ್ನಡಿ ಬೇಕಾಯಿತು. ಮೊದಮೊದಲು ಕಬ್ಬಿಣದ ರೋಟರ್ ಇರುವ ಬಗೆ ಚೆನ್ನಾಗಿ ಓಡಿತು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆ ಬೇರೆಯಾಗಿ ನಿಯೋಡೈಮಿಯಂ ಆಯಸ್ಕಾಂತ ಕಂಡುಕೊಂಡರು. ಕಡ್ಡಿಯಷ್ಟು ಸಣ್ಣ ಆಯಸ್ಕಾಂತಕ್ಕೂ ದೊಡ್ಡ ಬಲ ಬಂತು. ಆಗ ವಿನ್ಯಾಸಕಾರರು ಮತ್ತೆ ಥಾಮ್ಸನ್ ದಾರಿಗೆ ಮರಳಿದರು. ಇವತ್ತಿನ ಹೆಚ್ಚಿನ ಗ್ಯಾಲ್ವೊಗಳಲ್ಲಿ ತಿರುಗುವುದು ಆಯಸ್ಕಾಂತವೇ. 1858ರ ಯೋಚನೆ ಹಳತಾಗಿರಲಿಲ್ಲ, ಒಳ್ಳೆಯ ಆಯಸ್ಕಾಂತಕ್ಕಾಗಿ ಕಾದಿತ್ತು. ಹಳೆಯ ಪೇಟೆಂಟ್ ಓದಿ ಎಂದು ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ಕಾಯಿಲ್ ತಿರುಗಿದರೇನು, ಆಯಸ್ಕಾಂತ ತಿರುಗಿದರೇನು? ವ್ಯತ್ಯಾಸ ಇದೆಯಾ?

ತುಂಬಾ ಇದೆ. ಮುಖ್ಯವಾಗಿ ಶಾಖದಲ್ಲಿ. ಕರೆಂಟು ಹರಿಯುವ ಕಾಯಿಲ್ ಬಿಸಿಯಾಗಲೇಬೇಕು. ಅದೇ ತಿರುಗುತ್ತಿದ್ದರೆ ಸುತ್ತ ಗಾಳಿ, ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಮೇಲಾಗಿ ಅದಕ್ಕೆ ಕರೆಂಟು ಒಯ್ಯುವ ತಂತಿ ದಿನಕ್ಕೆ ಲಕ್ಷಗಟ್ಟಲೆ ಸಲ ಬಾಗಬೇಕು. ಕಾಯಿಲನ್ನು ಹೊರಗಿನ ಉಕ್ಕಿನ ಕೊಳವೆಯ ಒಳಮೈಗೆ ಅಂಟಿಸಿಬಿಟ್ಟರೆ ಬಿಸಿ ಸೀದಾ ಕವಚಕ್ಕೆ, ಅಲ್ಲಿಂದ ಅಲ್ಯೂಮಿನಿಯಂ ಹಿಡಿಕೆಗೆ ಹೋಗುತ್ತದೆ. ತಿರುಗುವ ಆಯಸ್ಕಾಂತ ಗಟ್ಟಿ ಕಡ್ಡಿ, ಸುಲಭವಾಗಿ ತಿರುಚಿಕೊಳ್ಳುವುದಿಲ್ಲ.

ಕಾಯಿಲ್ ತಿರುಗುವ ಬಗೆಗೂ ಒಂದು ಅನುಕೂಲ ಉಂಟು. ಕಾಯಿಲಿನ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ಕಡಿಮೆ, ಹಾಗಾಗಿ ಕರೆಂಟು ಬೇಗ ಏರುತ್ತದೆ. ಕಬ್ಬಿಣದ ರೋಟರ್ ಇರುವ ಬಗೆಯಲ್ಲಾದರೆ ಕರೆಂಟು ಜಾಸ್ತಿಯಾದಾಗ ಕಬ್ಬಿಣ ಇನ್ನಷ್ಟು ಕಾಂತತೆ ಹಿಡಿಯಲಾರದೆ ಬಲ ಏರುವುದೇ ನಿಲ್ಲುತ್ತದೆ.

ಬಿಚ್ಚಿ ನೋಡಿದರೆ ಒಳಗೆ ಏನು ಕಾಣುತ್ತದೆ?

ಚಾಲನೆಯಲ್ಲಿರುವುದನ್ನು ದಯವಿಟ್ಟು ಬಿಚ್ಚಬೇಡಿ. ಸುಟ್ಟುಹೋದದ್ದು ಸಿಕ್ಕರೆ ಬಿಚ್ಚಿ. ಮುಂದೆ ಒಂದು ಬೇರಿಂಗ್, ಹಿಂದೆ ಒಂದು. ನಡುವೆ ಉರುಟಾದ ಆಯಸ್ಕಾಂತ. ಅದರ ಉತ್ತರ, ದಕ್ಷಿಣ ಧ್ರುವಗಳು ತುದಿಗಳಲ್ಲಿ ಇರುವುದಿಲ್ಲ, ಅಡ್ಡಡ್ಡಕ್ಕೆ ಎರಡು ಪಕ್ಕಗಳಲ್ಲಿ ಇರುತ್ತವೆ. ಕಾಯಿಲಿನ ತಂತಿ ಉದ್ದಕ್ಕೆ ಸಾಲಾಗಿ ಕೂತು ಅಂಟಿನಲ್ಲಿ ಗಟ್ಟಿಯಾಗಿರುತ್ತದೆ. ಶಾಫ್ಟಿನ ಮುಂದಿನ ತುದಿಯಲ್ಲಿ ಸೀಳು, ಅದರಲ್ಲಿ ಕನ್ನಡಿ. ಹಿಂದಿನ ತುದಿಯಲ್ಲಿ ಎಷ್ಟು ತಿರುಗಿತು ಎಂದು ಅಳೆಯುವ ಸೆನ್ಸರ್.

ಎರಡು ಕನ್ನಡಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಚಿಕ್ಕದು, ಒಂದು ಉದ್ದ. ಲೇಸರ್ ಮೊದಲು ಬೀಳುವುದು ಚಿಕ್ಕದರ ಮೇಲೆ, ಅಲ್ಲಿ ಕಿರಣ ಒಂದೇ ಜಾಗಕ್ಕೆ ಬರುತ್ತದೆ. ಅದು ಅತ್ತಿತ್ತ ಎಸೆದ ಕಿರಣವನ್ನೆಲ್ಲ ಎರಡನೆಯದು ಹಿಡಿಯಬೇಕು, ಅದಕ್ಕೆ ಅದು ಉದ್ದ. ಮೂಲೆಗಳನ್ನು ಕತ್ತರಿಸಿ ಆಕಾರ ವಿಚಿತ್ರವಾಗಿ ಮಾಡಿರುವುದು ಚಂದಕ್ಕಲ್ಲ, ಬೇಡದ ತೂಕ ತೆಗೆಯಲು.

ದೊಡ್ಡ ಕನ್ನಡಿ ಹಾಕಿದರೆ ಏನಾಗುತ್ತದೆ?

ನಿಧಾನವಾಗುತ್ತದೆ. ಕನ್ನಡಿಯ ಉದ್ದ, ಅಗಲ, ದಪ್ಪ ಮೂರನ್ನೂ ಎರಡು ಪಟ್ಟು ಮಾಡಿದರೆ ತೂಕ 8 ಪಟ್ಟು. ಆದರೆ ತಿರುಗಿಸಲು ಬೇಕಾದ ಜಡತ್ವ 32 ಪಟ್ಟು! ತೆಳ್ಳಗೆ ಮಾಡೋಣ ಅಂದರೆ ವೇಗವಾಗಿ ತಿರುಗುವಾಗ ಕನ್ನಡಿಯೇ ಬಾಗಿ ಚುಕ್ಕೆ ಹರಡಿಕೊಳ್ಳುತ್ತದೆ. ಇತ್ತ ಚಿಕ್ಕ ಕನ್ನಡಿ ಅಂದರೆ ಸಣ್ಣ ಕಿರಣ, ಸಣ್ಣ ಕಿರಣ ಅಂದರೆ ಫೋಕಸ್ ಆದ ಚುಕ್ಕೆ ದೊಡ್ಡದು. ಈ ಇಕ್ಕಟ್ಟಿನಿಂದ ಹುಟ್ಟಿದ ಪೇಟೆಂಟುಗಳು ಬೇಕಾದಷ್ಟಿವೆ. ಬೆನ್ನಿನಲ್ಲಿ ಪಕ್ಕೆಲುಬು ಇರುವ ಕನ್ನಡಿ, ಸಿಲಿಕಾನ್ ಕಾರ್ಬೈಡ್ ಕನ್ನಡಿ, ಬೆರಿಲಿಯಂ ಕನ್ನಡಿ. ಬೆರಿಲಿಯಂ ಹಗುರ, ಗಟ್ಟಿ, ಆದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಅಂಥ ಕನ್ನಡಿ ಒಡೆದರೆ ಉಜ್ಜುವುದು, ಗುಡಿಸುವುದು ಮಾಡಬೇಡಿ.

16 ಬಿಟ್ ಅಂತ ಬರೆದಿರುತ್ತಾರೆ. ಅದರಿಂದ ನನಗೇನು?

160 ಮಿಲಿಮೀಟರ್ ಲೆನ್ಸ್ ಹಾಕಿ, ಬೆಳಕು ನಡುವಿನಿಂದ 20 ಡಿಗ್ರಿ ಎರಡೂ ಕಡೆ ಹೋದರೆ ಸುಮಾರು 110 ಮಿಲಿಮೀಟರ್ ಅಗಲದ ಜಾಗ ಸಿಗುತ್ತದೆ. 16 ಬಿಟ್ ಅಂದರೆ ಅದನ್ನು 65,536 ಭಾಗ ಮಾಡುವುದು, ಒಂದೊಂದು 1.7 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಲೇಸರ್ ಚುಕ್ಕೆಯೇ ಹತ್ತಾರು ಮೈಕ್ರಾನ್ ಇರುತ್ತದೆ. ಹಾಗಾಗಿ ನೇಮ್ ಪ್ಲೇಟ್ ಮಾಡುವವರು ಇದಕ್ಕಿಂತ ಜಾಸ್ತಿ ಬಿಟ್‌ಗೆ ದುಡ್ಡು ಸುರಿಯಬೇಕಿಲ್ಲ. ಕಂಪ್ಯೂಟರ್ ಕಾರ್ಡಿನಿಂದ ಗ್ಯಾಲ್ವೊ ತಲೆಗೆ ಸಾಮಾನ್ಯವಾಗಿ ಸೆಕೆಂಡಿಗೆ 1,00,000 ಸಲ ಹೊಸ ಜಾಗದ ಆದೇಶ ಹೋಗುತ್ತದೆ. ಅಷ್ಟೂ ಆದೇಶವನ್ನು ನಿಷ್ಠೆಯಿಂದ ಪಾಲಿಸುವುದು ಮೋಟಾರಿನ ಗುಣಕ್ಕೆ ಬಿಟ್ಟದ್ದು.

ಬೆಳಿಗ್ಗೆ ಹಾಕಿದ ಮಾರ್ಕಿಗೂ ಮಧ್ಯಾಹ್ನದ್ದಕ್ಕೂ ಜಾಗ ಬದಲಾಗುತ್ತದೆ. ಯಾಕೆ?

ಬಿಸಿಯಿಂದ. ಹಿತ್ತಾಳೆ ಟ್ಯಾಗ್ ಮಾಡುವ ಒಂದು ಶೆಡ್ಡಿನಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಬೆಳಿಗ್ಗೆಯ ಮೊದಲ ಟ್ಯಾಗಿನ ಮೇಲೆ ಒಂದು ಕೂಡುಗೀಟು ಹಾಕಿಸಿದೆವು. ಅದನ್ನು ಕದಲಿಸದೆ, ಮಿಷನ್ ಓಡಿ ಬಿಸಿಯಾದ ಮೇಲೆ ಅದೇ ಕೂಡುಗೀಟನ್ನು ಅದರ ಮೇಲೇ ಹಾಕಿಸಿದೆವು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ, ನಡುವೆ ಸಣ್ಣ ಸಂದು. ಮಿಷನ್ ಕೊಟ್ಟವರು ಟ್ಯಾಗ್ ಹಿಡಿದಿಡುವ ಜಿಗ್ ಸಡಿಲ ಎಂದು ವಾದಿಸಿದ್ದರು. ಟ್ಯಾಗ್ ಕದಲೇ ಇರಲಿಲ್ಲವಲ್ಲ.

ಲೆಕ್ಕ ಹೀಗೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಕಿರಣ 50 ಮೈಕ್ರೋರೇಡಿಯನ್ (ತೀರಾ ಸಣ್ಣ ಕೋನದ ಅಳತೆ) ಸರಿಯುತ್ತದೆ ಎಂದುಕೊಳ್ಳಿ. 160 ಮಿಲಿಮೀಟರ್ ಲೆನ್ಸಿನ ಕೆಳಗೆ ಅದು 8 ಮೈಕ್ರಾನ್. ಹತ್ತು ಡಿಗ್ರಿ ಬಿಸಿಯಾದರೆ 80 ಮೈಕ್ರಾನ್, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಇದರ ಮೂಲ ಬಹಳ ಸಲ ಸೆನ್ಸರಿನಲ್ಲಿರುತ್ತದೆ. ಹಳೆಯ ಸೆನ್ಸರುಗಳು ಕೆಪ್ಯಾಸಿಟರ್ ಬಗೆಯವು. ಆಮೇಲೆ ಎಲ್ಇಡಿ ಬೆಳಕಿಗೆ ಅಡ್ಡವಾಗಿ ಒಂದು ರೆಕ್ಕೆ ತಿರುಗಿ, ಫೋಟೋಡಯೋಡುಗಳ ಮೇಲೆ ನೆರಳು ಬೀಳಿಸುವ ಬಗೆ ಬಂತು. ಎಲ್ಇಡಿ ಮಂಕಾದರೂ ಲೆಕ್ಕ ತಪ್ಪದಂತೆ ಒಟ್ಟು ಬೆಳಕನ್ನು ಅಳೆದು ಸರಿದೂಗಿಸುವುದು ಅದರಲ್ಲಿನ ಜಾಣತನ. ದುಬಾರಿ ತಲೆಗಳಲ್ಲಿ ಈಗ ಕೋನವನ್ನು ಅಂಕಿಯಲ್ಲೇ ಹೇಳುವ ಡಿಜಿಟಲ್ ಎನ್‌ಕೋಡರ್ ಇರುತ್ತದೆ.

ಸದ್ಯಕ್ಕೆ ಮಾಡಬೇಕಾದ್ದು: ನಿಖರ ಕೆಲಸಕ್ಕೆ ಮುಂಚೆ ಅರ್ಧ ಗಂಟೆ ಮಿಷನ್ ಓಡಿಸಿ. ಫ್ಯಾನಿನ ಗಾಳಿ ನೇರ ತಲೆಗೆ ಬಡಿಯದಂತೆ ನೋಡಿಕೊಳ್ಳಿ.

ಅಕ್ಷರದ ಮೂಲೆ ದುಂಡಗಾಗುತ್ತದೆ, ಶುರುವಿನಲ್ಲಿ ಚುಕ್ಕೆ ಬೀಳುತ್ತದೆ. ಗ್ಯಾಲ್ವೊ ಹಾಳಾಯಿತಾ?

ಹೆಚ್ಚಿನ ಸಲ ಇಲ್ಲ. ಕನ್ನಡಿ ಆದೇಶಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಅದು ಮೂಲೆ ಮುಟ್ಟುವ ಮುಂಚೆ ಮುಂದಿನ ಗೆರೆಯ ಆದೇಶ ಬಂದರೆ ಮೂಲೆ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಸಾಫ್ಟ್‌ವೇರಿನಲ್ಲಿ ಪಾಲಿಗನ್ ಡಿಲೇ (ಮೂಲೆಯಲ್ಲಿ ಕಾಯುವ ಸಮಯ) ಹೆಚ್ಚಿಸಿ. ಶುರುವಿನ ಚುಕ್ಕೆಗೆ ಲೇಸರ್ ಆನ್ ಡಿಲೇ ನೋಡಿ. ಗೆರೆ ತುದಿ ಮುಟ್ಟದೆ ನಿಂತರೆ ಲೇಸರ್ ಆಫ್ ಡಿಲೇ. ಹಾರಿ ಬಂದ ಮೇಲೆ ಗೆರೆ ನಡುಗಿದರೆ ಜಂಪ್ ಡಿಲೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ಚೌಕ ಬರೆಸಿ ನೋಡಿ.

ಕನ್ನಡ ಅಕ್ಷರಕ್ಕೆ ಏನಾದರೂ ಬೇರೆ ಸೆಟ್ಟಿಂಗ್ ಬೇಕಾ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ನಮ್ಮ ಲಿಪಿ ದುಂಡು. ಚೂಪು ಮೂಲೆಯಲ್ಲಿ ಕನ್ನಡಿ ಗಕ್ಕನೆ ನಿಂತು ತಿರುಗಬೇಕು, ದುಂಡು ಗೆರೆಯಲ್ಲಿ ಹರಿಯುತ್ತಾ ಹೋಗಬಹುದು. ಆ ಲೆಕ್ಕದಲ್ಲಿ ಕನ್ನಡ ಗ್ಯಾಲ್ವೊಗೆ ಒಗ್ಗುವ ಲಿಪಿ. ತೊಂದರೆ ಕೊಡುವುದು ಒತ್ತಕ್ಷರ. ಮೂರು ಮಿಲಿಮೀಟರ್ ಎತ್ತರದಲ್ಲಿ ‘ಕೃಷ್ಣಪ್ಪ’ ಎಂದು ಲೋಟದ ಮೇಲೆ ಬರೆಯುವಾಗ ಕೆಳಗಿನ ಒತ್ತಿನ ಸುರುಳಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ದೊಡ್ಡ ಅಕ್ಷರದ ವೇಗದಲ್ಲೇ ಓಡಿಸಿದರೆ ಸುರುಳಿ ಕುಗ್ಗಿ ಮುದ್ದೆಯಾಗುತ್ತದೆ. ವೇಗ ಅರ್ಧಕ್ಕೆ ಇಳಿಸಿ, ಜೊತೆಗೆ ಪವರನ್ನೂ ಇಳಿಸಿ.

ಇನ್ನೊಂದು ಗೋಳು ಸಾಫ್ಟ್‌ವೇರಿನದು. ಎಷ್ಟೋ ಮಾರ್ಕಿಂಗ್ ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಬೇರೆ ಡಿಸೈನ್ ಸಾಫ್ಟ್‌ವೇರಿನಲ್ಲಿ ಹೆಸರು ಟೈಪ್ ಮಾಡಿ, ಗೆರೆಗಳಾಗಿ ಬದಲಿಸಿ ತನ್ನಿ. ನುಡಿಯ ಹಳೆಯ ಫಾಂಟಿನಿಂದಲೂ ಕೆಲಸ ಆಗುತ್ತದೆ. ಗಿರಾಕಿಯ ಮಗಳ ಮದುವೆಯ ಪಾತ್ರೆಗೆ ಮುರಿದ ಕನ್ನಡ ಹಾಕಿಕೊಡಬೇಡಿ.

ತಲೆಯಿಂದ ಕುಂಯ್ ಅನ್ನುವ ಸದ್ದು ಬರುತ್ತಿದೆ. ಓಡಿಸಬಹುದಾ?

ತಕ್ಷಣ ನಿಲ್ಲಿಸಿ. ಕನ್ನಡಿ, ಶಾಫ್ಟ್, ಆಯಸ್ಕಾಂತ ಸೇರಿದ ಕಡ್ಡಿಗೆ ತಿರುಚಿಕೊಂಡು ನಡುಗುವ ತನ್ನದೇ ಒಂದು ಲಯ ಇರುತ್ತದೆ. ಡ್ರೈವರ್ ಬೋರ್ಡ್ ಆ ಲಯವನ್ನು ಸೋಸಿ ತೆಗೆಯುವಂತೆ ಟ್ಯೂನ್ ಆಗಿರುತ್ತದೆ. ಕನ್ನಡಿ ಸಡಿಲವಾದರೆ ಅಥವಾ ಬೇರೆ ಕನ್ನಡಿ ಹಾಕಿದರೆ ಲಯ ಬದಲಾಗಿ ಹೊಂದಾಣಿಕೆ ತಪ್ಪುತ್ತದೆ. ಹಾಗೇ ಬಿಟ್ಟರೆ ಕಾಯಿಲ್ ಸುಡುತ್ತದೆ. ಬೋರ್ಡಿನ ಮೇಲಿನ ಪುಟ್ಟ ಸ್ಕ್ರೂಗಳನ್ನು ಸುಮ್ನೆ ತಿರುಗಿಸಿ ನೋಡುವುದು ಬೇಡ. ಆಸಿಲೋಸ್ಕೋಪ್ ಇಲ್ಲದೆ ಆ ಕೆಲಸ ಆಗುವುದಿಲ್ಲ.

ಬೇರಿಂಗ್ ಯಾಕೆ ಬೇಗ ಸವೆಯುತ್ತದೆ? ಅದು ಸುತ್ತುವುದೇ ಇಲ್ಲವಲ್ಲ.

ಸುತ್ತದಿರುವುದೇ ಕಾರಣ. ಪೂರ್ತಿ ಸುತ್ತುವ ಬೇರಿಂಗಿನಲ್ಲಿ ಗುಂಡುಗಳು ಗ್ರೀಸನ್ನು ಎಲ್ಲ ಕಡೆ ಹರಡುತ್ತವೆ. ಇಲ್ಲಿ ಗುಂಡು ಒಂದೇ ಜಾಗದಲ್ಲಿ ಚೂರು ಆ ಕಡೆ, ಚೂರು ಈ ಕಡೆ ಉಜ್ಜುತ್ತದೆ. ಗ್ರೀಸ್ ಪಕ್ಕಕ್ಕೆ ಸರಿದು, ಲೋಹಕ್ಕೆ ಲೋಹ ತಾಗಿ ಗುಳಿ ಬೀಳುತ್ತದೆ. ದಿನವಿಡೀ ಚಿಕ್ಕ ಬಾರ್‌ಕೋಡ್ ಒಂದನ್ನೇ ಹಾಕುವ ಮಿಷನ್ನಿಗೆ ಇದು ಜಾಸ್ತಿ. ಆಗಾಗ ಲೇಸರ್ ಆಫ್ ಇಟ್ಟು ಕನ್ನಡಿಯನ್ನು ಅದರ ಮಿತಿಯ ತನಕ ಪೂರ್ತಿ ಆಡಿಸುವ ಒಂದು ಫೈಲ್ ಓಡಿಸಿ.

ರೆಸೊನೆಂಟ್, ಪಾಲಿಗನ್, ಮೆಮ್ಸ್: ಇವೆಲ್ಲ ಏನು?

ರೆಸೊನೆಂಟ್ ಸ್ಕ್ಯಾನರ್ ಜಾತ್ರೆಯ ಉಯ್ಯಾಲೆಯ ಹಾಗೆ. ತನ್ನ ಲಯದಲ್ಲೇ ಆಡುತ್ತದೆ, ಸಮಯಕ್ಕೆ ಸರಿಯಾಗಿ ಸಣ್ಣ ತಳ್ಳು ಸಾಕು. ನಡುವೆ ನಿಲ್ಲು ಅಂದರೆ ನಿಲ್ಲುವುದಿಲ್ಲ. ಸೆಕೆಂಡಿಗೆ 8,000 ಸಲ ಆಡುವಂಥವು ಜೀವಕೋಶ ನೋಡುವ ಲೇಸರ್ ಮೈಕ್ರೋಸ್ಕೋಪಿನಲ್ಲಿವೆ. ಹೋಗುವಾಗ ಒಂದು ಗೆರೆ, ಬರುವಾಗ ಒಂದು. 512 ಗೆರೆಯ ಚಿತ್ರ ಸೆಕೆಂಡಿಗೆ ಸುಮಾರು 30 ಸಿಗುತ್ತದೆ.

ಪಾಲಿಗನ್ ಅಂದರೆ ಹಲವು ಮುಖದ ಕನ್ನಡಿ, ಒಂದೇ ದಿಕ್ಕಿಗೆ ಪೂರ್ತಿ ಸುತ್ತುತ್ತದೆ. ಝೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಮಾಡಿದ ಲೇಸರ್ ಪ್ರಿಂಟರ್ ಇದರಿಂದಲೇ ಓಡಿತು. ಮೆಮ್ಸ್ ಅಂದರೆ ಸಿಲಿಕಾನ್ ಚಿಪ್ಪಿನಲ್ಲೇ ಕೆತ್ತಿದ ಕನ್ನಡಿ. ಐಬಿಎಂನ ಕರ್ಟ್ ಪೀಟರ್ಸನ್ 1980ರಲ್ಲಿ ಅದನ್ನು ತೋರಿಸಿದರು.

ಕಣ್ಣಿನ ಆಸ್ಪತ್ರೆಯಲ್ಲಿ ಓಸಿಟಿ ಮಾಡಿಸಿದರು. ಅದರಲ್ಲೂ ಇದೇ ಇದೆಯಾ?

ಇದೆ. ಗಲ್ಲ ಒರಗಿಸಿ ನೋಡುವಾಗ ಕೆಂಪು ಗೆರೆಯೊಂದು ಸರಿದಂತೆ ಕಾಣುತ್ತದಲ್ಲ, ಆ ಬೆಳಕನ್ನು ಸಾಮಾನ್ಯವಾಗಿ ಒಂದು ಜೋಡಿ ಗ್ಯಾಲ್ವೊ ನಡೆಸುತ್ತಿರುತ್ತವೆ. ಅಕ್ಷಿಪಟಲದ ಪದರಗಳನ್ನು ಮುಟ್ಟದೆ, ಕೊಯ್ಯದೆ ತೋರಿಸುವ ಈ ವಿಧಾನವನ್ನು 1991ರಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೋಟೊ ಮತ್ತು ಸಂಗಡಿಗರು ಪ್ರಕಟಿಸಿದರು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದಲ್ಲಿ ನೀರು ತುಂಬಿರುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ದಸರಾದ ಲೇಸರ್ ಶೋ?

ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಲೇಸರ್ ಶೋ ನೋಡಿದವರಿಗೆ ಗೊತ್ತು. ಚಿತ್ರ ಬರೆಯುವ ಲೇಸರ್ ಪ್ರೊಜೆಕ್ಟರಿನಲ್ಲಿ ಒಂದೇ ಚುಕ್ಕೆ ಅಷ್ಟು ಬೇಗ ಓಡಿ ಕಣ್ಣಿಗೆ ಇಡೀ ಚಿತ್ರವಾಗುತ್ತದೆ. ಸೆಕೆಂಡಿಗೆ 30,000 ಬಿಂದು ಎಂಬುದು ಅಲ್ಲಿನ ಮಾಮೂಲಿ ಅಳತೆ. ಕನ್ನಡಿ ಕೆಟ್ಟು ನಿಂತರೆ ಪವರೆಲ್ಲ ಒಂದೇ ಕಡೆ ಬೀಳುತ್ತದೆ. ಅದಕ್ಕೆ ಕನ್ನಡಿ ನಿಂತ ಕೂಡಲೇ ಲೇಸರ್ ಆರಿಸುವ ಸುರಕ್ಷಾ ಸರ್ಕ್ಯೂಟ್ ಇರಲೇಬೇಕು. ಮದುವೆ ಮಂಟಪಕ್ಕೆ ಬಾಡಿಗೆ ತರುವಾಗಲೂ ಅದನ್ನು ಕೇಳಿ.

ಕನ್ನಡಕ ನಿಜವಾಗಲೂ ಬೇಕಾ? ಬೆಳಕೇ ಕಾಣುವುದಿಲ್ಲ.

ಕಾಣದಿರುವುದೇ ಅಪಾಯ. ಲೋಹದ ಮಾರ್ಕಿಂಗಿಗೆ ಬಳಸುವ ಫೈಬರ್ ಲೇಸರಿನ ಬೆಳಕು 1064 ನ್ಯಾನೋಮೀಟರ್ ಆಸುಪಾಸಿನದು. ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ರೆಪ್ಪೆ ಮುಚ್ಚಬೇಕು ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸುಟ್ಟ ಜಾಗ ವಾಪಸ್ ಬರುವುದಿಲ್ಲ. ಹೊಳೆಯುವ ಹಿತ್ತಾಳೆ, ಸ್ಟೀಲ್ ತಟ್ಟೆಗಳಿಂದ ಚಿಮ್ಮಿದ ಕಿರಣವೂ ಸಾಕು. 1064 ಎಂದು ಬರೆದಿರುವ ಕನ್ನಡಕವನ್ನೇ ಹಾಕಿ, ಬಣ್ಣದ ಪ್ಲಾಸ್ಟಿಕ್ ನಂಬಬೇಡಿ. ಅಂಗಡಿಗೆ ಬಂದ ಮಕ್ಕಳು ಬಗ್ಗಿ ನೋಡದಂತೆ ಮಿಷನ್ನಿಗೆ ಮುಚ್ಚಿದ ಪೆಟ್ಟಿಗೆ ಮಾಡಿಸಿ. ಇದರಲ್ಲಿ ಚೌಕಾಸಿ ಬೇಡ.

ನಮ್ಮ ಹುಡುಗರು ಇದರಲ್ಲಿ ಹೊಸದೇನು ಕಂಡುಹಿಡಿಯಬಹುದು? ಪೇಟೆಂಟ್ ಸಿಗುತ್ತದಾ?

ಆಯಸ್ಕಾಂತದ ಹೊಸ ಮಿಶ್ರಲೋಹ ಮಾಡಲು ದೊಡ್ಡ ಲ್ಯಾಬ್ ಬೇಕು. ಆದರೆ ಕನ್ನಡಿ ಹಿಡಿಯುವ ರೀತಿ, ಕಾಯಿಲಿನ ಬಿಸಿ ಹೊರಹಾಕುವ ದಾರಿ, ಬೇರಿಂಗ್ ಬದಲು ಬಾಗುವ ಪಟ್ಟಿ, ಸೆನ್ಸರಿನ ಅಲೆದಾಟ ತಿದ್ದುವ ಉಪಾಯ, ಇವೆಲ್ಲ ಒಂದು ಒಳ್ಳೆಯ ವರ್ಕ್‌ಶಾಪಿನಲ್ಲಿ ಆಗುವಂಥವು. ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಇಂಥ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಹುಡುಗನೊಬ್ಬ, ಎಲೆಕ್ಟ್ರಾನಿಕ್ಸ್ ಹುಡುಗಿಯೊಬ್ಬಳು ಸೇರಿದರೆ ಸಾಕು.

ಮೊದಲು ಹುಡುಕಿ. ಪೇಟೆಂಟ್ ವರ್ಗೀಕರಣದಲ್ಲಿ ಬೆಳಕು ಓಡಿಸುವ ಸಾಧನಗಳು ಜಿ02ಬಿ 26/10ರಲ್ಲಿ, ಆಡುವ ಮೋಟಾರುಗಳು ಎಚ್02ಕೆ 33ರಲ್ಲಿ, ಲೇಸರ್ ಕೆಲಸದ ಸ್ಕ್ಯಾನರ್ ಬಿ23ಕೆ 26/082ರಲ್ಲಿ ಸಿಗುತ್ತವೆ. ಭಾರತದಲ್ಲಿ ಪೇಟೆಂಟಿನ ಆಯುಷ್ಯ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವಧಿ ಮುಗಿದದ್ದನ್ನು ಯಾರು ಬೇಕಾದರೂ ಬಳಸಬಹುದು. ಗ್ಯಾಲ್ವೊದ ಒಳ್ಳೊಳ್ಳೆಯ ಯೋಚನೆಗಳಲ್ಲಿ ಎಷ್ಟೋ ಈಗ ಎಲ್ಲರ ಆಸ್ತಿ.

ನಿಮ್ಮದು ಹೊಸದು ಅನ್ನಿಸಿದರೆ ಬಾಯಿ ಬಿಡುವ ಮುಂಚೆ ಅರ್ಜಿ ಹಾಕಿ. ಕಾಲೇಜು ಪ್ರದರ್ಶನದಲ್ಲಿ ಇಟ್ಟು, ವಿಡಿಯೋ ಹಾಕಿ, ಆಮೇಲೆ ಅರ್ಜಿ ಬರೆಯಲು ಕೂತರೆ ಹೊಸತನ ಹೋಯಿತು ಎಂದು ತಿರಸ್ಕರಿಸಬಹುದು. ಪೂರ್ತಿ ತಯಾರಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ, ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ, ಆನ್‌ಲೈನ್‌ನಲ್ಲೇ ಹಾಕಬಹುದು. ಬರೀ ಸಾಫ್ಟ್‌ವೇರಿಗೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ. ಹಾಗಾಗಿ ಕಂಟ್ರೋಲ್ ವಿಧಾನ ಏನಾದರೂ ಕಂಡುಕೊಂಡಿದ್ದರೆ ಅದು ಮೋಟಾರನ್ನು, ಸೆನ್ಸರನ್ನು ಹೇಗೆ ಬದಲಿಸುತ್ತದೆ ಎಂದು ಬಿಡಿಸಿ ಬರೆಯಿರಿ.

ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ಗುಜರಿಯಿಂದ ಒಂದು ಕೆಟ್ಟ ಹಾರ್ಡ್ ಡಿಸ್ಕ್ ತನ್ನಿ. ಮುಚ್ಚಳ ತೆಗೆದು, ತೋಳಿನ ಕಾಯಿಲಿಗೆ ಎರಡು ತೆಳು ತಂತಿ ಬೆಸೆಯಿರಿ. ತೋಳು ತಿರುಗುವ ನಡುಬಿಂದುವಿನ ಮೇಲೆ ಉಗುರಿನಷ್ಟು ಕನ್ನಡಿಯನ್ನು ನೆಟ್ಟಗೆ ಅಂಟಿಸಿ. ಚಿಕ್ಕ ಆಡಿಯೋ ಆಂಪ್ಲಿಫೈಯರಿನಿಂದ ಕಡಿಮೆ ವಾಲ್ಯೂಮಿನಲ್ಲಿ ಸಿಗ್ನಲ್ ಕೊಡಿ. ಕನ್ನಡಿಗೆ ಕಡಿಮೆ ಪವರಿನ ಕೆಂಪು ಪಾಯಿಂಟರ್ ಹಾಯಿಸಿ, ಕಿರಣ ಯಾರ ಕಣ್ಣಿಗೂ ಹೋಗದಂತೆ ಗೋಡೆಗೆ ಬಿಡಿ. 5 ಹರ್ಟ್ಸ್ ಹತ್ತಿರ ಚುಕ್ಕೆ ಓಡಾಡುವುದು ಕಾಣುತ್ತದೆ, 50ಕ್ಕೆ ಗೆರೆಯಾಗುತ್ತದೆ. ಇನ್ನೂ ಏರಿಸಿದರೆ ಗೆರೆ ಕುಗ್ಗುತ್ತಾ ಬರುತ್ತದೆ. ಯಾವ ವೇಗಕ್ಕೆ ಎಷ್ಟು ಕುಗ್ಗಿತು ಎಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಆಮೇಲೆ ಕನ್ನಡಿಯನ್ನು ಇನ್ನೂ ಚಿಕ್ಕದು ಮಾಡಿ, ಅದೇ ಅಳತೆ ಮತ್ತೆ ತೆಗೆಯಿರಿ.